ಹನ್ನೆರಡು ಫೆರ್ರಿಗಳು: ತ್ಸುಗಾರು ಜಲಸಂಧಿಯ ಎರಡು ದಿನ, ಜುಲೈ 1945

ಪೆಸಿಫಿಕ್ ಯುದ್ಧ ಅಂದ ಕೂಡಲೇ ನಮಗೆ ನೆನಪಾಗುವುದು ಪರ್ಲ್ ಹಾರ್ಬರ್, ಮಿಡ್‌ವೇ, ಆಮೇಲೆ ನೇರ ಹಿರೋಶಿಮಾ. ನಡುವೆ ನಡೆದದ್ದರಲ್ಲಿ ಜಾಸ್ತಿ ಪಾಲು ಸರಕು ಸಾಗಣೆಯ ಮೇಲಿನ ಯುದ್ಧ. ಯಾರ ಹಡಗು ಎಷ್ಟು ಎಣ್ಣೆ ತಂದಿತು, ಯಾರ ಕಲ್ಲಿದ್ದಲು ಎಲ್ಲಿ ನಿಂತುಹೋಯಿತು ಎಂಬ ಲೆಕ್ಕ. ಇಲ್ಲಿ ಬಿಡಿಸಿಡುವ ಪ್ರಕರಣ ಆ ಲೆಕ್ಕದ್ದೇ. 1945ರ ಜುಲೈ 14 ಮತ್ತು 15ರಂದು ಅಮೆರಿಕದ ವಿಮಾನವಾಹಕ ಹಡಗುಗಳಿಂದ ಎದ್ದ ವಿಮಾನಗಳು ಜಪಾನಿನ ಉತ್ತರದಲ್ಲಿ ರೈಲು ವ್ಯಾಗನ್ ಸಾಗಿಸುವ ಹನ್ನೆರಡು ಫೆರ್ರಿಗಳನ್ನು ಹೊಡೆದವು. ಹನ್ನೆರಡಕ್ಕೂ ಪೆಟ್ಟು ಬಿತ್ತು.

ಇದನ್ನು ಆರಿಸಿಕೊಳ್ಳಲು ಒಂದು ಕಾರಣ ಇದೆ. ಅದೇ ಪಡೆ, ಅದೇ ತಿಂಗಳು, ಅದೇ ನಾಯಕತ್ವದಲ್ಲಿ ಇನ್ನೊಂದು ದಾಳಿಯನ್ನೂ ಮಾಡಿತು. ಅದರಲ್ಲಿ ಸಿಕ್ಕ ಗುರಿಗಳು ಹತ್ತು ಪಟ್ಟು ದೊಡ್ಡವು, ಪ್ರಯೋಜನ ಮಾತ್ರ ತೀರಾ ಕಡಿಮೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಗುರಿ ಆರಿಸುವ ಕೆಲಸ ಎಷ್ಟು ಕಷ್ಟದ್ದು ಅಂತ ಗೊತ್ತಾಗುತ್ತದೆ.

ವಿಮಾನ ಹಾರಿಸಿದವರು, ಫೆರ್ರಿ ನಡೆಸಿದವರು ಯಾರ ಹೆಸರೂ ಇಲ್ಲಿ ಬರುವುದಿಲ್ಲ. ಅವರನ್ನು ಅವರ ಕೆಲಸದಿಂದಷ್ಟೇ ಕರೆದಿದ್ದೇನೆ. ಪಡೆಯ ಮುಖ್ಯಸ್ಥರಿಬ್ಬರ ಹೆಸರು ಎಲ್ಲ ಇತಿಹಾಸದಲ್ಲೂ ಇರುವುದರಿಂದ ಅವನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಹಿನ್ನೆಲೆ

ಜಪಾನಿನ ಮುಖ್ಯ ದ್ವೀಪ ಹೊನ್ಶು. ಟೋಕಿಯೋ, ಒಸಾಕಾ, ದೊಡ್ಡ ಕಾರ್ಖಾನೆಗಳಲ್ಲಿ ಬಹುಪಾಲು ಇರುವುದು ಅಲ್ಲೇ. ಆದರೆ ಒಳ್ಳೆಯ ಕಲ್ಲಿದ್ದಲಿನ ಗಣಿಗಳು ಎರಡು ತುದಿಗಳಲ್ಲಿದ್ದವು. ದಕ್ಷಿಣದಲ್ಲಿ ಕ್ಯೂಶು, ಉತ್ತರದಲ್ಲಿ ಹೊಕ್ಕೈಡೊ. ಕ್ಯೂಶು ಮತ್ತು ಹೊನ್ಶು ನಡುವೆ ಕನ್ಮೊನ್ ಎಂಬ ಸಮುದ್ರದಡಿಯ ರೈಲು ಸುರಂಗ 1942ರಲ್ಲೇ ಶುರುವಾಗಿತ್ತು. ಹೊಕ್ಕೈಡೊಗೆ ಅಂಥದ್ದೇನೂ ಇರಲಿಲ್ಲ. ಅದಕ್ಕೂ ಹೊನ್ಶುಗೂ ಮಧ್ಯೆ ತ್ಸುಗಾರು ಜಲಸಂಧಿ ಇದೆ. ಈ ದಡದಲ್ಲಿ ಅಓಮೊರಿ, ಆ ದಡದಲ್ಲಿ ಹಕೊಡಾಟೆ. ಸಮುದ್ರದ ದಾರಿ ಸುಮಾರು 113 ಕಿಲೋಮೀಟರ್. ಒಂದು ಸಲ ದಾಟಲು ನಾಲ್ಕೂವರೆ ಗಂಟೆ ಬೇಕಿತ್ತು.

ಈ ದಾರಿಯಲ್ಲಿ ಸರ್ಕಾರಿ ರೈಲ್ವೆಯ ಹಡಗು 1908ರಿಂದ ಓಡಾಡುತ್ತಿತ್ತು. ಮೊದಲು ಜನರನ್ನು ಮತ್ತು ಸಾಮಾನನ್ನು ಮಾಮೂಲಿ ಹಡಗಿನಂತೆ ಸಾಗಿಸುತ್ತಿದ್ದರು. 1920ರ ದಶಕದ ನಡುವಿನಲ್ಲಿ ಬಂದ ಹೊಸ ಹಡಗುಗಳ ಒಳಗೆ ಹಳಿಗಳಿದ್ದವು. ಹಿಂಭಾಗದ ಬಾಗಿಲು ತೆರೆದು, ದಡದಿಂದ ಮೇಲೆ ಕೆಳಗೆ ಆಡುವ ಸೇತುವೆಯನ್ನು ಜೋಡಿಸಿ, ವ್ಯಾಗನ್‌ಗಳನ್ನು ಸೀದಾ ಹಡಗಿನೊಳಗೆ ತಳ್ಳಿಬಿಡುವುದು. ಆ ಕಡೆ ಹೋದ ಮೇಲೆ ಹಾಗೇ ಎಳೆದುಕೊಳ್ಳುವುದು. ಒಂದು ಚೀಲವನ್ನೂ ಇಳಿಸಿ ಏರಿಸುವ ಗೋಜಿಲ್ಲ. ಮೊದಲ ಹಡಗುಗಳಲ್ಲಿ 25 ವ್ಯಾಗನ್ ಹಿಡಿಸುತ್ತಿದ್ದವು. ಯುದ್ಧದ ಹೊತ್ತಿನಲ್ಲಿ ಕಟ್ಟಿದವುಗಳಲ್ಲಿ 44 ಹಿಡಿಸುತ್ತಿದ್ದವು.

ಯುದ್ಧದ ಮೊದಲು ಹೊಕ್ಕೈಡೊದ ಕಲ್ಲಿದ್ದಲಿಗೆ ಈ ಫೆರ್ರಿಗಳೇ ಬೇಕು ಅಂತೇನೂ ಇರಲಿಲ್ಲ. ಒಟಾರು, ಮುರೊರಾನ್ ಬಂದರುಗಳಲ್ಲಿ ದೊಡ್ಡ ಸರಕು ಹಡಗಿಗೆ ತುಂಬಿ ಟೋಕಿಯೋ ಕೊಲ್ಲಿಗೆ ಕಳಿಸುತ್ತಿದ್ದರು. ಅದು ಅಗ್ಗ, ಸುಲಭ. ಆಮೇಲೆ ಅಮೆರಿಕದ ಸಬ್‌ಮರೀನ್‌ಗಳು ಆ ಹಡಗುಗಳನ್ನು ಒಂದೊಂದಾಗಿ ಮುಳುಗಿಸುತ್ತ ಬಂದವು. ಹಡಗು ಕಡಿಮೆಯಾದಷ್ಟೂ ಕಲ್ಲಿದ್ದಲು ರೈಲಿಗೆ ಬಂತು. ರೈಲಿಗೆ ಬಂದದ್ದೆಲ್ಲ ಫೆರ್ರಿಯನ್ನೇ ಏರಬೇಕು, ಬೇರೆ ದಾರಿ ಇಲ್ಲ. ಜಪಾನಿನವರು ಯುದ್ಧದ ಮಧ್ಯೆಯೇ, ಉಕ್ಕಿನ ಬರಗಾಲದಲ್ಲೂ, ಇನ್ನಷ್ಟು ಫೆರ್ರಿ ಕಟ್ಟಿಸಿದ್ದು ಇದಕ್ಕೇ.

ಅಂದರೆ ಈ ಗುರಿಯನ್ನು ಹುಟ್ಟುಹಾಕಿದ್ದು ಅಮೆರಿಕದ್ದೇ ಹಿಂದಿನ ಗೆಲುವುಗಳು. 1942ರಲ್ಲಿ ಹೊಡೆದಿದ್ದರೆ ಈ ಹಡಗುಗಳಿಂದ ಅಷ್ಟೇನೂ ನಷ್ಟ ಆಗುತ್ತಿರಲಿಲ್ಲ. 1945ರ ಹೊತ್ತಿಗೆ ಉತ್ತರದ ಕಲ್ಲಿದ್ದಲಿನ ದೊಡ್ಡ ಪಾಲು ಈ ಹನ್ನೆರಡು ಹಡಗುಗಳಿಗೆ ಜೋತುಬಿದ್ದಿತ್ತು.

ಸಮಸ್ಯೆ ಏನಿತ್ತು

1945ರ ಬೇಸಿಗೆಯಲ್ಲಿ ಅಮೆರಿಕದ ಮೂರನೇ ನೌಕಾಪಡೆಗೆ ಒಂದು ವಿಚಿತ್ರ ತೊಂದರೆ ಶುರುವಾಯಿತು. ಶಕ್ತಿ ಬೇಕಾದಷ್ಟಿದೆ, ಹೊಡೆಯಲು ತಕ್ಕ ಹಡಗೇ ಇಲ್ಲ.

ಹಿಂದೆ ಹೀಗಿರಲಿಲ್ಲ. 1944ರ ಫೆಬ್ರವರಿಯಲ್ಲಿ ಟ್ರಕ್ ಎಂಬ ಹವಳದ್ವೀಪದ ನೆಲೆಯ ಮೇಲೆ ಎರಡು ದಿನ ದಾಳಿ ಮಾಡಿದಾಗ ಸುಮಾರು 2 ಲಕ್ಷ ಟನ್ನಿನ ಸರಕು ಹಡಗುಗಳು ತಳ ಸೇರಿದ್ದವು. 1945ರ ಜನವರಿ 12ರಂದು ಇಂಡೋಚೈನಾ ಕರಾವಳಿಯಲ್ಲಿ ಒಂದೇ ದಿನಕ್ಕೆ 44 ಹಡಗುಗಳು, 1,32,700 ಟನ್. ಅವುಗಳಲ್ಲಿ ಹನ್ನೆರಡು ಎಣ್ಣೆ ಟ್ಯಾಂಕರುಗಳು. ದಾಳಿ ಮುಗಿದ ಮೇಲೆ ಟನ್ ಎಣಿಸಿ ವರದಿ ಬರೆದರೆ ಗೆಲುವಿನ ಅಳತೆ ಸಿಕ್ಕಿಬಿಡುತ್ತಿತ್ತು.

ಯುದ್ಧ ಶುರುವಾದಾಗ ಜಪಾನಿನ ಬಳಿ ಸುಮಾರು 60 ಲಕ್ಷ ಟನ್ ಸರಕು ಹಡಗುಗಳಿದ್ದವು. ಯುದ್ಧದ ಅವಧಿಯಲ್ಲಿ ಕಟ್ಟಿದ್ದು, ವಶಪಡಿಸಿಕೊಂಡದ್ದು ಸೇರಿ ಒಂದು ಕೋಟಿ ಟನ್ ದಾಟಿತು. ಅದರಲ್ಲಿ 89 ಲಕ್ಷ ಟನ್ ಮುಳುಗಿತು ಇಲ್ಲವೇ ಕೆಲಸಕ್ಕೆ ಬಾರದಂತಾಯಿತು. ಯುದ್ಧದ ನಂತರ ಅಮೆರಿಕ ಸರ್ಕಾರವೇ ನಡೆಸಿದ ಬಾಂಬ್ ದಾಳಿ ಸಮೀಕ್ಷೆ ಯಾರು ಎಷ್ಟು ಮುಳುಗಿಸಿದರು ಅಂತ ಬಿಡಿಸಿ ಹೇಳಿದೆ. ಸಬ್‌ಮರೀನ್‌ಗಳು ಶೇ. 54.7, ವಿಮಾನವಾಹಕಗಳ ವಿಮಾನಗಳು ಶೇ. 16.3, ನೆಲದಿಂದ ಹಾರಿದ ವಿಮಾನಗಳು ಎಲ್ಲ ಸೇರಿ ಶೇ. 14.5, ನೀರಲ್ಲಿ ಬಿಟ್ಟ, ಹಡಗು ಬಂದರೆ ಸಿಡಿಯುವ ಮೈನ್‌ಗಳು ಶೇ. 9.3. ಉಳಿದದ್ದು ಅಪಘಾತ, ಫಿರಂಗಿ ಇತ್ಯಾದಿ.

1945ರ ಮಾರ್ಚ್ ಕೊನೆಯಿಂದ ಅಮೆರಿಕದ ದೊಡ್ಡ ಬಾಂಬರ್ ಬಿ-29 ವಿಮಾನಗಳು ಜಪಾನಿನ ಬಂದರುಗಳ ಬಾಯಲ್ಲಿ, ಕ್ಯೂಶು ಮತ್ತು ಹೊನ್ಶು ನಡುವಿನ ಶಿಮೊನೊಸೆಕಿ ಜಲಸಂಧಿಯಲ್ಲಿ ಸಾವಿರಾರು ಮೈನ್ ಉದುರಿಸಿದವು. ದಕ್ಷಿಣದ ಓಡಾಟ ಬಹುಪಾಲು ನಿಂತಿತು. ಆದರೆ ಉತ್ತರ ಇನ್ನೂ ಹಾಗೇ ಉಳಿದಿತ್ತು. ತಮ್ಮ ನೆಲೆಯಾದ ಮರಿಯಾನಾ ದ್ವೀಪಗಳಿಂದ ಬಾಂಬು ಹೊತ್ತು ಹೊಕ್ಕೈಡೊ ತನಕ ಹೋಗಿ ಬರುವುದು ಬಿ-29ಗೂ ದೂರದ ಮಾತು. ನಾಲ್ಕು ವರ್ಷದ ಯುದ್ಧದಲ್ಲಿ ಹೊಕ್ಕೈಡೊದ ಜನ ದೊಡ್ಡ ವಿಮಾನದಾಳಿಯನ್ನೇ ಕಂಡಿರಲಿಲ್ಲ. ಅಲ್ಲಿಗೆ ಮುಟ್ಟುವಂತಿದ್ದದ್ದು ಒಂದೇ, ತಾನೇ ತೇಲಿಕೊಂಡು ಹತ್ತಿರ ಹೋಗಬಲ್ಲ ವಿಮಾನನೆಲೆ.

ಉತ್ತರಕ್ಕೆ ಹೋಗುವ ತೀರ್ಮಾನ ಸುಲಭವೇ. ಹೋಗಿ ಏನನ್ನು ಹೊಡೆಯಬೇಕು ಎಂಬುದು ಸುಲಭವಲ್ಲ. ವಿಮಾನ ನಿಲ್ದಾಣಗಳು ಇದ್ದವು. ಮುರೊರಾನ್‌ನಲ್ಲಿ, ಕಮೈಶಿಯಲ್ಲಿ ಉಕ್ಕಿನ ಕಾರ್ಖಾನೆಗಳಿದ್ದವು. ಬಂದರುಗಳಲ್ಲಿ ಚಿಕ್ಕಪುಟ್ಟ ಯುದ್ಧ ಹಡಗುಗಳಿದ್ದವು. ಆ ಪಟ್ಟಿಯಲ್ಲಿ ಸುಮಾರು ಮೂರು ಸಾವಿರ ಟನ್ನಿನ, ಚೌಕಾಕಾರದ ಹಿಂಭಾಗದ, ಹೊಗೆ ಕಾರುತ್ತ ನಿಧಾನ ಸಾಗುವ ರೈಲ್ವೆ ಹಡಗು ಯಾರ ಕಣ್ಣಿಗೂ ಸುಮ್ನೆ ಬೀಳುವಂಥದ್ದಲ್ಲ. ಪೈಲಟ್ ಒಬ್ಬನಿಗೆ ಆಯ್ಕೆ ಬಿಟ್ಟರೆ ಆತ ಡೆಸ್ಟ್ರಾಯರ್ ಮೇಲೆ ಎರಗುತ್ತಾನೆ. ವರದಿಯಲ್ಲಿ ಚೆನ್ನಾಗಿ ಕಾಣುವುದು ಅದೇ. ಹಾಗಾಗಿ ಗುರಿಯ ಆಯ್ಕೆಯನ್ನು ಮೇಲಿನಿಂದಲೇ ಬರೆದುಕೊಡಬೇಕಿತ್ತು.

ದಾಳಿಯ ತಯಾರಿ

ಮೂರನೇ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ವಿಲಿಯಂ ಹಾಲ್ಸಿ. ಅದರೊಳಗೆ ವಿಮಾನವಾಹಕಗಳ ಪಡೆಯನ್ನು, ಅಂದರೆ ಟಾಸ್ಕ್ ಫೋರ್ಸ್ 38ನ್ನು ನಡೆಸುತ್ತಿದ್ದವರು ವೈಸ್ ಅಡ್ಮಿರಲ್ ಜಾನ್ ಮೆಕೇನ್. ಮುಂದೆ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ನಿಂತ ಸೆನೆಟರ್ ಮೆಕೇನ್ ಇದ್ದರಲ್ಲ, ಅವರ ಅಜ್ಜ.

ಪಡೆ ಜುಲೈ 1ರಂದು ಫಿಲಿಪ್ಪೀನ್ಸಿನ ಲೇಟೆಯಿಂದ ಹೊರಟಿತು. ಜುಲೈ 10ರಂದು ಟೋಕಿಯೋ ಸುತ್ತಲಿನ ವಿಮಾನ ನಿಲ್ದಾಣಗಳನ್ನು ಹೊಡೆಯಿತು. ಅಲ್ಲಿ ಒಂದು ವಿಷಯ ಗೊತ್ತಾಯಿತು: ಜಪಾನಿನ ವಿಮಾನಗಳು ಎದುರಿಸಲು ಮೇಲೇಳಲೇ ಇಲ್ಲ. ಜಪಾನಿನ ಸೇನಾಧಿಕಾರಿಗಳು ಉಳಿದ ಸಾವಿರಾರು ವಿಮಾನಗಳನ್ನು, ಅಷ್ಟಿಷ್ಟು ಪೆಟ್ರೋಲನ್ನು, ಅಮೆರಿಕನ್ನರು ದಡಕ್ಕೆ ಇಳಿಯುವ ದಿನದ ಆತ್ಮಹತ್ಯಾ ದಾಳಿಗೆ ಅಂತ ಅಡಗಿಸಿಟ್ಟಿದ್ದರು. ಈಗ ಖರ್ಚು ಮಾಡಿದರೆ ಆಗ ಏನೂ ಉಳಿಯುವುದಿಲ್ಲ ಎಂಬ ಲೆಕ್ಕ.

ಈ ಲೆಕ್ಕ ಸರಿಯೋ ತಪ್ಪೋ ಎಂದು ಇವತ್ತು ಕೂತು ಹೇಳುವುದು ಸುಲಭ. ಅವರ ಜಾಗದಲ್ಲಿ ನಿಂತರೆ ಅದಕ್ಕೂ ತರ್ಕವಿತ್ತು. ಆದರೆ ಇದರ ಬೆಲೆಯನ್ನು ತೆತ್ತದ್ದು ಫೆರ್ರಿಗಳು. ಉತ್ತರದ ಕಲ್ಲಿದ್ದಲಿನ ಬಹುಪಾಲು ಓಡಾಡುವ ದಾರಿಯ ಮೇಲೆ ಕಾವಲು ವಿಮಾನವೇ ಇರಲಿಲ್ಲ.

ದಾಳಿ 13ರಂದು ಆಗಬೇಕಿತ್ತು. ಹವಾಮಾನ ಬಿಡಲಿಲ್ಲ. ಜುಲೈನಲ್ಲಿ ಆ ಕಡಲಿನ ಮೇಲೆ ಮಂಜು ಮುಸುಕುವುದು ಮಾಮೂಲು. ಒಂದು ದಿನ ಕಾದರು. ಇಷ್ಟು ದೊಡ್ಡ ಪಡೆ ಶತ್ರುವಿನ ತೀರದ ಹತ್ತಿರ ಸುಮ್ಮನೆ ಒಂದು ದಿನ ಕಳೆಯುವುದು ಒಂದು ವರ್ಷದ ಹಿಂದೆ ಊಹಿಸಲೂ ಆಗದ ಮಾತು. ಹುಡುಕಲು ಬರುವ ವಿಮಾನವೇ ಇಲ್ಲದಿದ್ದಾಗ ಮಂಜು ಅಡ್ಡಿಯೂ ಹೌದು, ಮರೆಯೂ ಹೌದು.

ಎರಡು ದಿನ

14ರ ಬೆಳಿಗ್ಗೆಯೂ ಮೋಡ ಕೆಳಗೇ ಇತ್ತು. ಆದರೂ ಹೊರಟರು. ಹೆಲ್‌ಕ್ಯಾಟ್, ಕೊರ್ಸೇರ್ ಫೈಟರ್‌ಗಳು, ಹೆಲ್‌ಡೈವರ್ ಮತ್ತು ಅವೆಂಜರ್ ಬಾಂಬರ್‌ಗಳು ಒಂದರ ಹಿಂದೆ ಒಂದು ಅಲೆಯಾಗಿ ಬಂದವು. ಆ ದಿನ ಸಾವಿರಕ್ಕೂ ಹೆಚ್ಚು ಹಾರಾಟ ನಡೆಯಿತು. ಕೆಲವು ಗುರಿಗಳು ಮೋಡದಡಿ ಮುಚ್ಚಿಹೋಗಿದ್ದವು. ಜಲಸಂಧಿ ಮತ್ತು ಅಓಮೊರಿ ಕೊಲ್ಲಿ ಮಾತ್ರ ಸಾಕಷ್ಟು ಕಾಣುತ್ತಿತ್ತು.

ಫೆರ್ರಿಗಳು ಆ ಹೊತ್ತಿಗೆ ಹಂಚಿಹೋಗಿದ್ದವು. ಕೆಲವು ಹಕೊಡಾಟೆಯಲ್ಲಿ, ಕೆಲವು ಅಓಮೊರಿಯಲ್ಲಿ, ಕೆಲವು ನಡುನೀರಿನಲ್ಲಿ. ಇವುಗಳ ದೌರ್ಬಲ್ಯ ಇವುಗಳ ಕೆಲಸದಲ್ಲೇ ಇತ್ತು. ಮಾಮೂಲಿ ಸರಕು ಹಡಗಾದರೆ ಅಪಾಯ ಅಂದಾಗ ಯಾವುದೋ ಕೊಲ್ಲಿಗೆ ನುಗ್ಗಬಹುದು, ಬೇರೆ ಬಂದರಿಗೆ ಹೋಗಬಹುದು, ದಾರಿ ಬದಲಿಸಬಹುದು. ರೈಲು ಫೆರ್ರಿಗೆ ಸೇತುವೆ ಇರುವ ಬಂದರೇ ಬೇಕು. ಅದು ಎರಡೇ ಕಡೆ ಇತ್ತು. ದಾರಿ ಒಂದೇ. ವೇಳಾಪಟ್ಟಿಯೂ ರೈಲಿನದ್ದು. ಮೇಲಿನಿಂದ ಹುಡುಕುವವನಿಗೆ ಇದಕ್ಕಿಂತ ಅನುಕೂಲ ಏನು ಬೇಕು?

ಇನ್ನೊಂದು ತೊಂದರೆಯೂ ಇತ್ತು. ವ್ಯಾಗನ್ ಡೆಕ್ ಅಂದರೆ ಹಡಗಿನ ಉದ್ದಕ್ಕೂ ಚಾಚಿದ ಒಂದೇ ಖಾಲಿ ಕೋಣೆ. ಹಳಿಗೆ ಅಡ್ಡ ಬರುತ್ತದೆಂದು ಅಲ್ಲಿ ಗೋಡೆ ಕಟ್ಟುವಂತಿಲ್ಲ. ಅದರೊಳಗೆ ನೀರು ಬಂದರೆ ತಡೆಯುವುದು ಕಷ್ಟ. ಬೆಂಕಿ ಹತ್ತಿದರೂ ಅಷ್ಟೇ.

ಮೊದಲ ದಿನವೇ ಬಹುಪಾಲು ಮುಗಿದುಹೋಯಿತು. ಬಂದರಿನಲ್ಲಿದ್ದವು ಅಲ್ಲೇ ಕುಳಿತವು. ಕೊಲ್ಲಿಯಲ್ಲಿ ಓಡಲು ನೋಡಿದವು ಓಡುತ್ತಲೇ ಮುಳುಗಿದವು. ಹಕೊಡಾಟೆಯ ಹತ್ತಿರ ಒಂದು ಹಡಗಿನ ನಾವಿಕರು ಅದನ್ನು ಬೇಕೆಂದೇ ಮರಳ ತೀರಕ್ಕೆ ಹತ್ತಿಸಿದರು. ಮುಳುಗುವ ಬದಲು ನೆಲ ಹತ್ತಲಿ, ಆಮೇಲೆ ರಿಪೇರಿ ಮಾಡಬಹುದು ಎಂಬ ಯೋಚನೆ. ಆ ಕ್ಷಣಕ್ಕೆ ಅದು ಬುದ್ಧಿವಂತಿಕೆಯ ನಿರ್ಧಾರವೇ. ಆದರೆ ಹಡಗು ಅಲ್ಲೇ ಸುಟ್ಟುಹೋಯಿತು. 15ರಂದು ವಿಮಾನಗಳು ಮತ್ತೆ ಬಂದವು, ಉಳಿದಿದ್ದವುಗಳಲ್ಲಿ ಇನ್ನೊಂದನ್ನು ಮುಳುಗಿಸಿದವು.

ಲೆಕ್ಕ ಹಾಕಿದಾಗ ಎಂಟು ಮುಳುಗಿದ್ದವು. ಎರಡು ದಡ ಹತ್ತಿ ಸುಟ್ಟಿದ್ದವು. ಎರಡು ಪೆಟ್ಟು ತಿಂದೂ ಉಳಿದುಕೊಂಡಿದ್ದವು. ಫೆರ್ರಿಗಳಲ್ಲೇ ನಾನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಪಾಲು ಸೈನಿಕರಲ್ಲ, ರೈಲ್ವೆ ನೌಕರರು. ಎಂಜಿನ್ ಕೋಣೆಯಲ್ಲಿ ಕಲ್ಲಿದ್ದಲು ಎತ್ತಿ ಹಾಕುವವರು, ಹಗ್ಗ ಕಟ್ಟುವವರು, ವ್ಯಾಗನ್‌ಗೆ ಸರಪಳಿ ಬಿಗಿಯುವವರು. ಈ ದಾಳಿಯನ್ನು ಹೊಗಳುವ ಮಿಲಿಟರಿ ಬರಹಗಳಲ್ಲಿ ಹಡಗಿನ ಸಂಖ್ಯೆ ಯಾವಾಗಲೂ ಬರುತ್ತದೆ, ಈ ಸಂಖ್ಯೆ ಅಪರೂಪಕ್ಕೆ ಬರುತ್ತದೆ. ನನಗೆ ಇದು ಸರಿ ಅನ್ನಿಸುವುದಿಲ್ಲ. ದಾಳಿಯ ಲಾಭ ಎಣಿಸುವವರು ಅದರ ಬೆಲೆಯನ್ನೂ ಅದೇ ಪುಟದಲ್ಲಿ ಬರೆಯಬೇಕು.

ಫೆರ್ರಿಗಳ ಜೊತೆ ಕಲ್ಲಿದ್ದಲು ಸಾಗಿಸುವ ಹತ್ತಾರು ಸಣ್ಣ ಹಾಯಿ ಹಡಗುಗಳೂ ಹೋದವು. ದೊಡ್ಡ ಹಡಗು ಮುಗಿದ ಮೇಲೆ ಜಪಾನ್ ಮರದ ಹಡಗುಗಳನ್ನೂ ಇದಕ್ಕೆ ಹಚ್ಚಿತ್ತು. ಕುಶಿರೊ, ನೆಮುರೊ ಪಟ್ಟಣಗಳು ಹೊತ್ತಿ ಉರಿದವು. ಇದೇ ಎರಡು ದಿನಗಳಲ್ಲಿ ಅಮೆರಿಕದ ಬ್ಯಾಟಲ್‌ಶಿಪ್‌ಗಳು ತೀರಕ್ಕೆ ಬಂದು 14ರಂದು ಕಮೈಶಿಯ, 15ರಂದು ಮುರೊರಾನ್‌ನ ಉಕ್ಕಿನ ಕಾರ್ಖಾನೆಗಳಿಗೆ 16 ಇಂಚಿನ ಗುಂಡು ಸುರಿದವು. ಜಪಾನಿನ ಮುಖ್ಯ ದ್ವೀಪಗಳ ಕಾರ್ಖಾನೆಗಳ ಮೇಲೆ ದೊಡ್ಡ ಹಡಗುಗಳು ಫಿರಂಗಿ ಹಾರಿಸಿದ್ದು ಅದೇ ಮೊದಲು. ಪತ್ರಿಕೆಗಳಿಗೆ ದೊಡ್ಡ ಸುದ್ದಿಯಾಗಿ ಕಂಡದ್ದೂ ಅದೇ. ಫೆರ್ರಿಗಳಿಗೆ ಅಂಥ ಮಿಂಚು ಇರಲಿಲ್ಲ.

ಆಮೇಲೆ ಏನಾಯಿತು

ಹೊಕ್ಕೈಡೊದಿಂದ ಹೊನ್ಶುಗೆ ಹೋಗುವ ಕಲ್ಲಿದ್ದಲು ಐದರಲ್ಲಿ ನಾಲ್ಕು ಪಾಲು ಇಳಿಯಿತು ಎಂಬ ಅಂದಾಜು ಯುದ್ಧದ ಇತಿಹಾಸಗಳಲ್ಲಿದೆ. ಗಣಿ ಹಾಗೇ ಇತ್ತು. ಗಣಿಯಿಂದ ಬಂದರಿಗೆ ಹಳಿಯೂ ಇತ್ತು. ಆ ಕಡೆ ಅಓಮೊರಿಯಿಂದ ಟೋಕಿಯೋಗೆ ಹಳಿಯೂ ಇತ್ತು. ನಡುವಿನ 113 ಕಿಲೋಮೀಟರ್ ಇರಲಿಲ್ಲ. ಬೇರೆ ಹಡಗು ತಂದು ಹಾಕೋಣ ಅಂದರೆ ಹಳಿ ಇರುವ ಹಡಗು ಸುಲಭಕ್ಕೆ ಸಿಗುವಂಥದ್ದಲ್ಲ. ಮಾಮೂಲಿ ಹಡಗು ಅಂದರೆ ವ್ಯಾಗನ್‌ನಿಂದ ಇಳಿಸಿ, ಹಡಗಿಗೆ ಏರಿಸಿ, ಮತ್ತೆ ಇಳಿಸಿ, ಮತ್ತೆ ವ್ಯಾಗನ್‌ಗೆ ತುಂಬುವುದು. ಅದಕ್ಕೆ ಕೂಲಿಯಾಳು, ಕ್ರೇನು, ಸಮಯ ಬೇಕು. ಮೂರೂ ಇರಲಿಲ್ಲ.

ಟನ್ ಲೆಕ್ಕದಲ್ಲಿ ನೋಡಿದರೆ ಇದು ದೊಡ್ಡ ಗೆಲುವೇ ಅಲ್ಲ. ಒಂದೊಂದು ಫೆರ್ರಿ ಮೂರು ಸಾವಿರ ಟನ್ ಆಸುಪಾಸು. ಎಲ್ಲ ಸೇರಿಸಿದರೂ ಟ್ರಕ್‌ನ 2 ಲಕ್ಷದ ಮುಂದೆ ಎಲ್ಲಿ? ಹಳೆಯ ಅಳತೆಗೋಲು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಟ್ರಕ್‌ನಲ್ಲಿ ಮುಳುಗಿದ ಹಡಗಿನ ಬದಲಿಗೆ ಇನ್ನೊಂದು ಹಡಗು ಬರಬಹುದಿತ್ತು, ಕಷ್ಟಪಟ್ಟಾದರೂ. ಇಲ್ಲಿ ಬದಲಿ ಅನ್ನುವುದೇ ಇರಲಿಲ್ಲ.

ಈಗ ಅದೇ ತಿಂಗಳ ಇನ್ನೊಂದು ದಾಳಿ. ಜುಲೈ 24ರಿಂದ 28ರ ನಡುವೆ ಇದೇ ಟಾಸ್ಕ್ ಫೋರ್ಸ್ 38 ಕುರೆ ನೌಕಾನೆಲೆಯ ಮೇಲೆ ಎರಗಿತು. ಅಲ್ಲಿ ಜಪಾನಿನ ಉಳಿದ ದೊಡ್ಡ ಹಡಗುಗಳು ನಿಂತಿದ್ದವು: ಇಸೆ, ಹ್ಯೂಗಾ, ಹರುನಾ ಎಂಬ ಬ್ಯಾಟಲ್‌ಶಿಪ್‌ಗಳು, ಅಮಾಗಿ ಎಂಬ ವಿಮಾನವಾಹಕ. ನಿಂತಿದ್ದವು ಅನ್ನುವುದು ನಿಜವಾದ ಅರ್ಥದಲ್ಲೇ. ಎಣ್ಣೆ ಇರಲಿಲ್ಲ. ಅವು ಕದಲುವ ಸ್ಥಿತಿಯಲ್ಲಿರಲಿಲ್ಲ. ಆದರೆ ಸುತ್ತಲಿನ ಗುಡ್ಡಗಳ ಮೇಲೆ ವಿಮಾನ ಹೊಡೆಯುವ ಫಿರಂಗಿಗಳು ತುಂಬಿದ್ದವು.

ಮೆಕೇನ್ ಅವರ ಕಚೇರಿಯ ಅಧಿಕಾರಿಗಳು ಈ ದಾಳಿ ಬೇಡ ಅಂತ ಗಟ್ಟಿಯಾಗಿ ಹೇಳಿದ್ದರು. ಈ ಹಡಗುಗಳಿಂದ ಯಾರಿಗೂ ಅಪಾಯವಿಲ್ಲ, ನಮ್ಮವರು ಸುಮ್ಮನೆ ಸಾಯುತ್ತಾರೆ ಎಂಬುದು ಅವರ ವಾದ. ಹಾಲ್ಸಿ ಒಪ್ಪಲಿಲ್ಲ. ಮುಂದೆ ತಾವೇ ಕಾರಣಗಳನ್ನು ಬರೆದುಕೊಂಡರು. ಪರ್ಲ್ ಹಾರ್ಬರ್‌ಗೆ ಪೂರ್ತಿ ಸೇಡು ತೀರಬೇಕು, ದೇಶದ ಮನಸ್ಸಿಗೆ ಅದು ಬೇಕು. ರಷ್ಯಾಕ್ಕೆ ಸಾಮಾನು ಹೋಗುವ ಉತ್ತರದ ಕಡಲಿಗೆ ಈ ಹಡಗುಗಳು ಬೆದರಿಕೆ ಆಗಬಹುದು. ಸಂಧಿಯ ಮಾತುಕತೆಯಲ್ಲಿ ಜಪಾನ್ ಇವನ್ನು ಮುಂದಿಟ್ಟು ಚೌಕಾಸಿ ಮಾಡಬಹುದು. ಕೊನೆಯದು, ಮೇಲಿನವರ ಆದೇಶ ಇದೆ.

ಹಡಗುಗಳೇನೋ ಮುಳುಗಿದವು. ಆಳವಿಲ್ಲದ ನೀರಿನ ಕೆಸರಿನಲ್ಲಿ ಕುಳಿತವು ಅನ್ನುವುದೇ ಸರಿ. ಆ ಕೆಲವು ದಿನಗಳಲ್ಲಿ ಮಿತ್ರಪಡೆ, ಕಾದಾಟ ಮತ್ತು ಅಪಘಾತ ಎರಡೂ ಸೇರಿ, 133 ವಿಮಾನ ಮತ್ತು 102 ಜನರನ್ನು ಕಳೆದುಕೊಂಡಿತು. ಜಪಾನಿನ ಆರ್ಥಿಕತೆಗೆ ಇದರಿಂದ ಆದ ನಷ್ಟ? ಏನೂ ಇಲ್ಲ. ನಿಂತಿದ್ದ ಹಡಗು ನಿಂತೇ ಇತ್ತು, ಸ್ವಲ್ಪ ಕೆಳಗೆ.

ಹಾಲ್ಸಿಯನ್ನು ಮೂರ್ಖ ಅನ್ನುವುದು ನನ್ನ ಉದ್ದೇಶವಲ್ಲ. ಅವರ ಕಾರಣಗಳಲ್ಲಿ ಎರಡು ರಾಜಕೀಯದವು, ರಾಜಕೀಯವೂ ಯುದ್ಧದ ಭಾಗವೇ. ಆದರೆ ಆ ಪಟ್ಟಿಯಲ್ಲಿ ಜಪಾನ್ ಇನ್ನು ಎಷ್ಟು ದಿನ ಯುದ್ಧ ಮಾಡಬಲ್ಲದು ಎಂಬ ಪ್ರಶ್ನೆಗೆ ನೇರ ಉತ್ತರ ಕೊಡುವ ಒಂದು ಕಾರಣವೂ ಇಲ್ಲ. ಹತ್ತು ದಿನದ ಹಿಂದೆ ಫೆರ್ರಿಗಳನ್ನು ಹೊಡೆದಾಗ ಕೇಳಿದ್ದು ಅದೇ ಪ್ರಶ್ನೆ. ಒಂದೇ ಪಡೆ ಹತ್ತು ದಿನದ ಅಂತರದಲ್ಲಿ ಎರಡು ಬೇರೆ ಪ್ರಶ್ನೆ ಕೇಳಿಕೊಂಡಿತು, ಎರಡು ಬೇರೆ ಉತ್ತರ ಪಡೆಯಿತು.

ಕಲಿಯಬೇಕಾದದ್ದು

ಈ ಪ್ರಕರಣದ ತಿರುವು ಬಾಂಬು ಬಿದ್ದ ಗಳಿಗೆಯಲ್ಲಿ ಇಲ್ಲ. ಅದು ಯಾವುದೋ ಕೋಣೆಯಲ್ಲಿ, ನಕಾಶೆಯ ಮೇಲೆ, ಹೊಕ್ಕೈಡೊದ ಕಲ್ಲಿದ್ದಲು ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಬೆರಳಿಟ್ಟು ನೋಡಿದ ಹೊತ್ತಿನಲ್ಲಿದೆ. ಹಡಗು ಎಷ್ಟು ದೊಡ್ಡದು ಅಂತ ಕೇಳುವ ಬದಲು ಇದು ಹೋದರೆ ಬದಲಿ ಏನಿದೆ ಅಂತ ಕೇಳಿದಾಗ ಪಟ್ಟಿಯ ಕೆಳಗಿದ್ದ ಹೆಸರು ಮೇಲಕ್ಕೆ ಬಂತು.

ಜಪಾನಿನ ಕಡೆಯಿಂದ ನೋಡಿದರೆ ಇನ್ನೂ ಕಹಿ. ಪ್ರತಿ ಸಲ ಹಡಗು ಮುಳುಗಿದಾಗ ಕಲ್ಲಿದ್ದಲನ್ನು ರೈಲಿಗೆ ಹಾಕಿದ್ದು ಆ ಹೊತ್ತಿಗೆ ಸರಿಯಾದ ತೀರ್ಮಾನ. ರೈಲು ಸುರಕ್ಷಿತ, ಸಬ್‌ಮರೀನ್ ಅದನ್ನು ಮುಟ್ಟಲಾರದು. ಇಂಥ ಹತ್ತಾರು ಸರಿಯಾದ ತೀರ್ಮಾನಗಳು ಸೇರಿ ಎಲ್ಲ ಭಾರವನ್ನೂ ಒಂದೇ ಜಾಗಕ್ಕೆ ತಂದು ನಿಲ್ಲಿಸಿದವು. ಆ ಜಾಗಕ್ಕೆ ಹೆಚ್ಚಿನ ಫೆರ್ರಿ ಕಟ್ಟಿಸಿದರು, ಆದರೆ ಹೆಚ್ಚಿನ ರಕ್ಷಣೆ ಕೊಡಲಿಲ್ಲ. ಸಾಮರ್ಥ್ಯ ಹೆಚ್ಚಿಸುವುದು, ಕಾಪಾಡುವುದು ಬೇರೆ ಬೇರೆ ಕೆಲಸ. ರೈಲ್ವೆಯ ಎಂಜಿನಿಯರ್‌ಗಳು ಮೊದಲನೆಯದನ್ನು ಮಾಡಿದರು. ಎರಡನೆಯದು ಸೇನೆಯ ಕೈಲಿತ್ತು, ಸೇನೆ ತನ್ನ ವಿಮಾನಗಳನ್ನು ಬೇರೊಂದು ದಿನಕ್ಕೆ ಎತ್ತಿಟ್ಟಿತ್ತು.

ಇನ್ನು ಸಮಯದ ಮಾತು. ಯುದ್ಧ ಮುಗಿದ ಮೇಲೆ ಬಂದ ಅಮೆರಿಕದ ಸಮೀಕ್ಷೆ ಒಂದು ಯೋಚನೆಯನ್ನು ಮುಂದಿಟ್ಟಿತು. ಹಕೊಡಾಟೆಯ ರೈಲು ಫೆರ್ರಿ, ದಕ್ಷಿಣದ ಕನ್ಮೊನ್ ಸುರಂಗ, ಜೊತೆಗೆ ಆಯ್ದ 19 ಸೇತುವೆ ಮತ್ತು ಹಳಿಯ ಸೂಕ್ಷ್ಮ ಜಾಗಗಳು, ಇಷ್ಟನ್ನು ಹೊಡೆದಿದ್ದರೆ ಕಲ್ಲಿದ್ದಲಿನ ಓಡಾಟ ಬಹುತೇಕ ನಿಲ್ಲುತ್ತಿತ್ತು, ಕಲ್ಲಿದ್ದಲಿಲ್ಲದೆ ಉಳಿದ ರೈಲೂ ನಿಲ್ಲುತ್ತಿತ್ತು. ಒಂದೊಂದೇ ನಗರವನ್ನು, ಕಾರ್ಖಾನೆಯನ್ನು ಸುಡುವುದಕ್ಕಿಂತ ಇದು ಹೆಚ್ಚು ಪರಿಣಾಮಕಾರಿ ಆಗುತ್ತಿತ್ತು ಎಂಬುದು ಸಮೀಕ್ಷೆಯ ತೀರ್ಮಾನ. ಇದನ್ನು ಓದುವಾಗ ಮಾರ್ಚ್ 10ರಂದು ಬಿ-29ಗಳು ಟೋಕಿಯೋಗೆ ಹಚ್ಚಿದ ಬೆಂಕಿ ನೆನಪಾಗದೆ ಇರುವುದಿಲ್ಲ. ಅಓಮೊರಿ ನಗರವನ್ನೇ ನೋಡಿ. ಅದರ ಫೆರ್ರಿಗಳು ಮುಳುಗಿ ಎರಡು ವಾರವಾಗಿತ್ತು, ಅಲ್ಲಿಂದ ಹೋಗಬೇಕಾದ ಸರಕು ನಿಂತಾಗಿತ್ತು. ಆದರೂ ಜುಲೈ 28ರ ರಾತ್ರಿ ಬಿ-29ಗಳು ಬಂದು ನಗರವನ್ನು ಸುಟ್ಟವು. ನೌಕಾಪಡೆಯ ಪಟ್ಟಿ ಬೇರೆ, ಬಾಂಬರ್ ಪಡೆಯ ಪಟ್ಟಿ ಬೇರೆ. ಒಬ್ಬರ ಕೆಲಸ ಮುಗಿದ ಜಾಗದಲ್ಲಿ ಇನ್ನೊಬ್ಬರ ಕೆಲಸ ಶುರುವಾಗುವುದು ಅಂದರೆ ಇದೇ.

ಯುದ್ಧದ ನಂತರ ಹೊಸ ಫೆರ್ರಿಗಳನ್ನು ಕಟ್ಟಿದರು. ಅವುಗಳಲ್ಲಿ ಒಂದಾದ ತೋಯಾ ಮಾರು 1954ರ ಸೆಪ್ಟೆಂಬರ್ 26ರ ಬಿರುಗಾಳಿಯಲ್ಲಿ ಮುಳುಗಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಆ ದುರಂತದ ನಂತರ ಸುರಂಗದ ಮಾತು ಬಲವಾಯಿತು. ಸುಮಾರು 54 ಕಿಲೋಮೀಟರಿನ ಸೇಕಾನ್ ಸುರಂಗ ತೆರೆದದ್ದು 1988ರ ಮಾರ್ಚ್ 13ರಂದು.

ಈ ದಾಳಿಯನ್ನು ಪೆಸಿಫಿಕ್ ಯುದ್ಧದ ಅತ್ಯಂತ ಫಲಕಾರಿ ವಿಮಾನದಾಳಿ ಅಂತ ಕರೆಯುವವರಿದ್ದಾರೆ. ನಾನು ಅಷ್ಟು ದೂರ ಹೋಗುವುದಿಲ್ಲ. ಫೆರ್ರಿ ಮುಳುಗಿದ್ದು ಜುಲೈ ಮಧ್ಯದಲ್ಲಿ, ಜಪಾನ್ ಶರಣಾದದ್ದು ಆಗಸ್ಟ್ 15ರಂದು. ನಡುವೆ ಒಂದು ತಿಂಗಳು. ಕಾರ್ಖಾನೆಯ ಅಂಗಳದಲ್ಲಿ ಇದ್ದ ಕಲ್ಲಿದ್ದಲು ಖಾಲಿಯಾಗಿ, ಕುಲುಮೆ ಆರಿ, ವಿದ್ಯುತ್ ನಿಂತು, ಅದು ಸರ್ಕಾರದ ನಿರ್ಧಾರಕ್ಕೆ ಮುಟ್ಟಲು ಅಷ್ಟು ಸಮಯ ಸಾಲದು. ಆ ತಿಂಗಳಲ್ಲೇ ಎರಡು ಅಣುಬಾಂಬು ಬಿದ್ದವು, ಸೋವಿಯತ್ ಸೇನೆ ಮಂಚೂರಿಯಾಕ್ಕೆ ನುಗ್ಗಿತು. ಶರಣಾಗತಿಯಲ್ಲಿ ಫೆರ್ರಿಗಳ ಪಾಲು ಎಷ್ಟು ಅಂತ ಬೇರ್ಪಡಿಸಿ ತೂಗಲು ಆಗುವುದಿಲ್ಲ. ಸಮೀಕ್ಷೆ ಹೇಳಿದ್ದೂ ಪೂರ್ತಿ ಯೋಜನೆ ನಡೆದಿದ್ದರೆ ಏನಾಗುತ್ತಿತ್ತು ಎಂಬ ಲೆಕ್ಕವನ್ನೇ. ಅದರಲ್ಲಿ ನಿಜವಾಗಿ ನಡೆದದ್ದು ಉತ್ತರದ ಒಂದು ಕೊಂಡಿ ಮಾತ್ರ. ಕನ್ಮೊನ್ ಸುರಂಗದಲ್ಲಿ ಯುದ್ಧದ ಕೊನೆಯ ತನಕ ರೈಲು ಓಡುತ್ತಲೇ ಇತ್ತು.